ಒಂದೇ ಮನೆ, ಎರಡು ಚರ್ಚು

ಕ್ಯಾಥೋಲಿಕ್ ಹುಡುಗಿಗೂ ಸಿಎಸ್‌ಐ ಸಭೆಯ ಹುಡುಗನಿಗೂ ಮದುವೆ ಎಂದಾಗ ಅಕ್ಕಪಕ್ಕದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಇಬ್ಬರೂ ಕ್ರೈಸ್ತರೇ ಅಲ್ವಾ, ಇನ್ನೇನು ತೊಂದರೆ?” ಮದುವೆ ಮುಗಿದ ಮೊದಲ ಭಾನುವಾರವೇ ತೊಂದರೆ ಕಣ್ಣಿಗೆ ಬೀಳುತ್ತದೆ. ಅವಳಿಗೆ ಬೆಳಗಿನ ಪೂಜೆ ತಪ್ಪಿಸುವಂತಿಲ್ಲ. ಅವನ ಮನೆಯವರೆಲ್ಲ ಆರಾಧನೆಗೆ ಹೊರಟು ನಿಂತಿದ್ದಾರೆ. ಹೊಸ ಸೊಸೆಯನ್ನು ಸಭೆಗೆ ಪರಿಚಯಿಸಬೇಕು. ಹೋದಳು ಎನ್ನಿ. ಅಂದು ಕರ್ತನ ಭೋಜನ ಇದ್ದರೆ ಅವಳು ಎದ್ದು ಮುಂದೆ ಹೋಗಬೇಕೋ, ಕೂತಿರಬೇಕೋ? ಮುಂದಿನ ವಾರ ತವರಿನಲ್ಲಿ ಸಂಜೆ ಮನೆಮಂದಿಯೆಲ್ಲ ಜಪಸರದ ಪ್ರಾರ್ಥನೆಯಾದ ತೇರ್ಸ್‌ಗೆ ಮೊಣಕಾಲೂರಿದಾಗ ಅಳಿಯ ಏನು ಮಾಡಬೇಕು? ಇವಕ್ಕೆ ಉತ್ತರ ಮೊದಲೇ ಗೊತ್ತಿರದಿದ್ದರೆ ಒಂದು ಗಳಿಗೆಯ ಮುಜುಗರ ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಮಂಗಳೂರಿನ ಕ್ಯಾಥೋಲಿಕರ ಬೇರು ಗೋವೆಯಲ್ಲಿದೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಅದೇ ಊರಿಗೆ ಬಂದಿಳಿದು ಪ್ರೊಟೆಸ್ಟೆಂಟ್ ಸಭೆ ಕಟ್ಟಿದರು. ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐಯಲ್ಲಿ ಸೇರಿವೆ. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಒಂದಾಗಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ಸಭೆ ಅದು. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಕ್ರೈಸ್ತರು ತಲೆಮಾರುಗಳಿಂದ ಅಕ್ಕಪಕ್ಕದಲ್ಲೇ ಬದುಕಿದರೂ ಹೆಣ್ಣು ಕೊಟ್ಟು ತರುವ ವಿಚಾರದಲ್ಲಿ ಬೇರೆಯಾಗಿಯೇ ಉಳಿದರು. ಈಗ ಕಾಲೇಜು, ಬೆಂಗಳೂರಿನ ಕೆಲಸ, ವಿದೇಶ ಎಂದು ಮಕ್ಕಳು ಬೆರೆಯುತ್ತಿದ್ದಾರೆ. ಕೇರಳ ಮೂಲದ ಸಿರಿಯನ್ ಕ್ರೈಸ್ತರು, ಪೆಂಟೆಕೋಸ್ತ್ ಸಭೆಯವರು, ಹಿಂದೂಗಳು, ಎಲ್ಲರೊಂದಿಗೂ ಮದುವೆಗಳು ಆಗುತ್ತಿವೆ. ಇಂಥ ಮನೆಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಸಂಗಾತಿಯ ಆರಾಧನೆಗೆ ಮನಸಾರೆ ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ, ಆದರೆ ನಂಬದ್ದನ್ನು ನಂಬಿದಂತೆ ನಟಿಸಬೇಡಿ. ಮುಂದೆ ಹೇಳುವುದೆಲ್ಲ ಈ ಮಾತನ್ನು ದಿನನಿತ್ಯದಲ್ಲಿ ನಡೆಸುವ ಬಗೆ.

ದಿನಾಂಕ ಗೊತ್ತುಮಾಡುವ ಮೊದಲು

ಛತ್ರ ಕಾದಿರಿಸಿ, ಕಾಗದ ಅಚ್ಚು ಹಾಕಿಸಿದ ಮೇಲೆ ಪಾದ್ರಿಗಳ ಬಳಿ ಹೋಗುವವರೇ ಹೆಚ್ಚು. ಇದು ತಿರುಗುಮುರುಗು. ಕ್ಯಾಥೋಲಿಕರು ದೀಕ್ಷಾಸ್ನಾನ ಪಡೆದ ಬೇರೆ ಪಂಗಡದ ಕ್ರೈಸ್ತರನ್ನು ಮದುವೆಯಾಗಲು ಬಿಷಪರ ಅನುಮತಿ ಬೇಕು. ದೀಕ್ಷಾಸ್ನಾನವನ್ನೇ ಪಡೆಯದವರನ್ನು, ಉದಾಹರಣೆಗೆ ಹಿಂದೂಗಳನ್ನು, ಮದುವೆಯಾಗಲು ಅನುಮತಿ ಸಾಲದು, ವಿಶೇಷ ವಿನಾಯಿತಿಯೇ ಬೇಕು; ಅದಿಲ್ಲದ ಮದುವೆಯನ್ನು ಕ್ಯಾಥೋಲಿಕ್ ಸಭೆ ಮದುವೆ ಎಂದೇ ಪರಿಗಣಿಸುವುದಿಲ್ಲ. ಎರಡೂ ಅರ್ಜಿಗಳು ನಿಮ್ಮ ಧರ್ಮಕೇಂದ್ರದ ಪಾದ್ರಿಗಳ ಮೂಲಕವೇ ಹೋಗುತ್ತವೆ. ದೀಕ್ಷಾಸ್ನಾನದ ಬಗ್ಗೆ ಇತ್ತೀಚೆಗೆ ಪಡೆದ ಪತ್ರ, ಈಗಾಗಲೇ ಮದುವೆಯಾಗಿಲ್ಲ ಎಂಬ ಪತ್ರ, ವಿವಾಹಪೂರ್ವ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ. ಮೂರ್ನಾಲ್ಕು ತಿಂಗಳ ಮೊದಲೇ ಓಡಾಟ ಶುರುಮಾಡಿದರೆ ಕೊನೆಗಳಿಗೆಯ ಆತಂಕ ಇರುವುದಿಲ್ಲ. ಸಿಎಸ್‌ಐ ಕಡೆಯಲ್ಲೂ ಸಭಾಪಾಲಕರಿಗೆ ಮೊದಲೇ ತಿಳಿಸಿ, ಸದಸ್ಯತ್ವದ ಪತ್ರ ಕೇಳಿಟ್ಟುಕೊಳ್ಳಿ.

ಅನುಮತಿಯ ಜೊತೆಗೆ ಒಂದು ವಾಗ್ದಾನ ಬರುತ್ತದೆ. ಮನೆಗಳಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ, ಅದೂ ಪೂರ್ತಿ ತಿಳಿಯದೆ. ಕ್ಯಾಥೋಲಿಕ್ ಸಂಗಾತಿ ತಾನು ವಿಶ್ವಾಸ ಬಿಡುವುದಿಲ್ಲವೆಂದೂ, ಮಕ್ಕಳಿಗೆ ಕ್ಯಾಥೋಲಿಕ್ ದೀಕ್ಷಾಸ್ನಾನ ಕೊಡಿಸಿ ಅದೇ ವಿಶ್ವಾಸದಲ್ಲಿ ಬೆಳೆಸಲು ತನ್ನ ಕೈಲಾದದ್ದನ್ನೆಲ್ಲ ಮಾಡುವೆನೆಂದೂ ಮಾತು ಕೊಡಬೇಕು. ಇನ್ನೊಬ್ಬರು ಯಾವ ಕಾಗದಕ್ಕೂ ಸಹಿ ಹಾಕಿ ಮಾತು ಕೊಡಬೇಕಿಲ್ಲ. ಸಂಗಾತಿ ಇಂಥ ಮಾತು ಕೊಟ್ಟಿದ್ದಾರೆ ಎಂಬುದು ಅವರಿಗೆ ಸ್ಪಷ್ಟವಾಗಿ ತಿಳಿದಿರಬೇಕು, ಅಷ್ಟೇ. ಹಿಂದೆ ಹೀಗಿರಲಿಲ್ಲ. ಇಬ್ಬರಿಂದಲೂ ಮಾತು ತೆಗೆದುಕೊಳ್ಳುತ್ತಿದ್ದರು. 1970ರಲ್ಲಿ ಪೋಪ್ ಆರನೇ ಪೌಲರು ನಿಯಮ ಬದಲಿಸಿದರು, 1983ರ ಧರ್ಮಸಭಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು. ಅಜ್ಜ ಅಜ್ಜಿಯರ ನೆನಪಿನಲ್ಲಿ ಉಳಿದಿರುವುದು ಹಳೆಯ ನಿಯಮ. ಅದಕ್ಕೇ “ಅವರು ಬರೆಸಿಕೊಳ್ಳುತ್ತಾರೆ” ಎಂದು ಹೆದರುತ್ತಾರೆ. ಅವರನ್ನು ಕೂರಿಸಿ ಈಗಿನ ನಿಯಮ ವಿವರಿಸುವ ಹೊಣೆ ಕ್ಯಾಥೋಲಿಕ್ ಸಂಗಾತಿಯದು, ಬೇರೆಯವರದಲ್ಲ.

“ಕೈಲಾದದ್ದನ್ನೆಲ್ಲ” ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ. ಕ್ರೈಸ್ತ ಐಕ್ಯದ ಬಗ್ಗೆ ವ್ಯಾಟಿಕನ್ 1993ರಲ್ಲಿ ಹೊರಡಿಸಿದ ಮಾರ್ಗದರ್ಶಿ ಇದನ್ನು ಬಿಡಿಸಿ ಹೇಳುತ್ತದೆ. ಇನ್ನೊಬ್ಬ ಸಂಗಾತಿಗೂ ತನ್ನ ಸಭೆಯ ಬಗ್ಗೆ ಇಂಥದ್ದೇ ಕರ್ತವ್ಯಪ್ರಜ್ಞೆ ಇರಬಹುದು. ಎಷ್ಟು ಪ್ರಯತ್ನಿಸಿದರೂ ಮಕ್ಕಳು ಕ್ಯಾಥೋಲಿಕರಾಗಿ ಬೆಳೆಯದಿದ್ದರೆ ಆ ತಂದೆ ಅಥವಾ ತಾಯಿ ಸಭೆಯ ಶಿಕ್ಷೆಗೆ ಗುರಿಯಾಗುವುದಿಲ್ಲ. ಹಾಗೆಂದು ಮನಸ್ಸಿಲ್ಲದೆ ಬಾಯಿಮಾತಿಗೆ ವಾಗ್ದಾನ ಕೊಡುವುದು ತಪ್ಪು. ಕೊಡಲು ಮನಸ್ಸಿಲ್ಲದಿದ್ದರೆ ಪಾದ್ರಿಗಳ ಮುಂದೆಯೇ ಹೇಳಿ, ಮಾತಾಡಿ.

ವಿಧಿಯ ವಿಚಾರದಲ್ಲಿ ಒಂದು ಎಚ್ಚರ. ಬೆಳಿಗ್ಗೆ ಒಂದು ಚರ್ಚಿನಲ್ಲಿ, ಸಂಜೆ ಇನ್ನೊಂದರಲ್ಲಿ ಎರಡು ಸಲ ಸಮ್ಮತಿ ಹೇಳುವ ಮದುವೆಯನ್ನು ಕ್ಯಾಥೋಲಿಕ್ ನಿಯಮ ಒಪ್ಪುವುದಿಲ್ಲ. ಪಾದ್ರಿಯೂ ಸಭಾಪಾಲಕರೂ ಒಟ್ಟಿಗೆ ನಿಂತು ತಲಾ ಅರ್ಧ ಸಮ್ಮತಿ ಕೇಳುವುದೂ ಆಗದು. ಮದುವೆ ಒಂದೇ ಕಡೆ. ಆದರೆ ಕ್ಯಾಥೋಲಿಕ್ ಚರ್ಚಿನ ಮದುವೆಗೆ ಸಭಾಪಾಲಕರನ್ನು ಕರೆದು ಪ್ರಾರ್ಥನೆಗೂ ಆಶೀರ್ವಾದಕ್ಕೂ ಅವಕಾಶ ಕೇಳಬಹುದು. ಸಕಾರಣವಿದ್ದರೆ ಸಿಎಸ್‌ಐ ಚರ್ಚಿನಲ್ಲೇ ಮದುವೆ ನಡೆಯುವಂತೆ ಬಿಷಪರಿಂದ ವಿನಾಯಿತಿಯನ್ನೂ ಪಡೆಯಬಹುದು. ಕ್ಯಾಥೋಲಿಕ್ ಚರ್ಚಿನಲ್ಲೇ ಆಗುವುದಾದರೆ, ಬಲಿಪೂಜೆ ಇಲ್ಲದೆ ವಾಚನ, ಪ್ರಾರ್ಥನೆಗಳೊಂದಿಗೆ ನಡೆಯುವ ವಿಧಿಯನ್ನು ಆರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ಪೂಜೆ ಇಟ್ಟರೆ ಪರಮ ಪ್ರಸಾದದ ಹೊತ್ತಿಗೆ ವರನ ಕಡೆಯವರೆಲ್ಲ ಕೂತೇ ಇರಬೇಕಾಗುತ್ತದೆ, ವರನೂ ಸೇರಿ. ತನ್ನ ಮದುವೆಯ ದಿನ ತನ್ನ ಹೆಂಡತಿಯ ಪಕ್ಕದಲ್ಲೇ ಹೊರಗಿನವನಂತೆ ನಿಲ್ಲುವ ನೋವು ಯಾಕೆ?

ಪ್ರಸಾದದ ಹೊತ್ತಿನಲ್ಲಿ

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇದೇ. ರೊಟ್ಟಿ ಮತ್ತು ದ್ರಾಕ್ಷಾರಸ ಪೂಜೆಯಲ್ಲಿ ನಿಜವಾಗಿಯೂ ಕ್ರಿಸ್ತನ ಶರೀರ, ರಕ್ತವಾಗುತ್ತವೆ ಎಂದು ಕ್ಯಾಥೋಲಿಕರು ನಂಬುತ್ತಾರೆ. ಅದನ್ನು ಸ್ವೀಕರಿಸುವುದೆಂದರೆ ಆ ಸಭೆಯೊಂದಿಗೆ ಪೂರ್ಣ ಐಕ್ಯದಲ್ಲಿ ಇರುವುದೆಂದೂ ಅರ್ಥ. ಆದ್ದರಿಂದ ಪ್ರೊಟೆಸ್ಟೆಂಟ್ ಸಂಗಾತಿಗೆ ಸಾಮಾನ್ಯವಾಗಿ ಪ್ರಸಾದ ಕೊಡುವುದಿಲ್ಲ. ಮರಣಾಪಾಯದಲ್ಲಿ, ಅಥವಾ ಬಿಷಪರು ತೀವ್ರ ಅಗತ್ಯವೆಂದು ಕಂಡ ಸಂದರ್ಭದಲ್ಲಿ, ತನ್ನ ಸಭೆಯ ಪಾಲಕರು ಸಿಗದೆ, ತಾನಾಗಿಯೇ ಕೇಳಿ, ಪ್ರಸಾದದ ಬಗ್ಗೆ ಅದೇ ವಿಶ್ವಾಸ ಇರುವವರಿಗೆ ಮಾತ್ರ ವಿನಾಯಿತಿ. ಸಿಎಸ್‌ಐ ಕಡೆ ಬಾಗಿಲು ಹೆಚ್ಚು ತೆರೆದಿದೆ: ಬೇರೆ ಸಭೆಗಳಲ್ಲಿ ಭೋಜನಕ್ಕೆ ಅರ್ಹರಾದವರನ್ನೂ ಬಹಳಷ್ಟು ಚರ್ಚುಗಳಲ್ಲಿ ಕರೆಯುತ್ತಾರೆ. ಆದರೆ ಆ ಕರೆಯನ್ನು ಒಪ್ಪಿಕೊಳ್ಳಲು ಕ್ಯಾಥೋಲಿಕ್ ಸಂಗಾತಿಗೆ ತನ್ನ ಸಭೆಯ ನಿಯಮ ಅಡ್ಡ ಬರುತ್ತದೆ.

ಹೀಗಾಗಿ ಒಬ್ಬರು ಕರೆದರೂ ಇನ್ನೊಬ್ಬರು ಬರುವಂತಿಲ್ಲ, ಇನ್ನೊಬ್ಬರು ಬರಲು ಬಯಸಿದರೂ ಕರೆಯಿಲ್ಲ. ಈ ನೋವು ನಮ್ಮ ಊರಿಗಷ್ಟೇ ಸೇರಿದ್ದಲ್ಲ. 2015ರ ನವೆಂಬರಿನಲ್ಲಿ ರೋಮಿನ ಲೂಥರನ್ ಚರ್ಚಿಗೆ ಪೋಪ್ ಫ್ರಾನ್ಸಿಸ್ ಭೇಟಿ ಕೊಟ್ಟಾಗ, ಕ್ಯಾಥೋಲಿಕನನ್ನು ಮದುವೆಯಾದ ಲೂಥರನ್ ಮಹಿಳೆಯೊಬ್ಬರು ಎದ್ದು ಇದೇ ಪ್ರಶ್ನೆ ಕೇಳಿದರು. ಪೋಪ್ ನೇರ ಅನುಮತಿ ಕೊಡಲಿಲ್ಲ. ದೇವರೊಂದಿಗೆ ಮಾತಾಡಿ ಮುಂದುವರಿಯಿರಿ ಎಂಬರ್ಥದ ಮಾತು ಹೇಳಿ ಅಲ್ಲಿಗೇ ನಿಲ್ಲಿಸಿದರು. 2018ರಲ್ಲಿ ಜರ್ಮನಿಯ ಕ್ಯಾಥೋಲಿಕ್ ಬಿಷಪರು ಇಂಥ ದಂಪತಿಗಳಿಗಾಗಿ ಮಾರ್ಗಸೂಚಿ ಸಿದ್ಧಪಡಿಸಿದಾಗ ಸಭೆಯೊಳಗೇ ದೊಡ್ಡ ವಾದ ಎದ್ದಿತು. ಅದು ಅಲ್ಲಿಯ ಮಾತು. ಅದನ್ನು ತೋರಿಸಿ ಇಲ್ಲಿಯ ಪಾದ್ರಿಗಳೊಂದಿಗೆ ವಾದಕ್ಕೆ ನಿಲ್ಲಬೇಡಿ.

ಹಾಗಾದರೆ ಆ ಹತ್ತು ನಿಮಿಷ ಏನು ಮಾಡುವುದು? ಪ್ರೊಟೆಸ್ಟೆಂಟ್ ಸಂಗಾತಿ ಸಾಲಿನ ತುದಿಯಲ್ಲಿ ಕೂರದೆ ಒಳಗಡೆ ಕೂತರೆ ಎಲ್ಲರಿಗೂ ಎದ್ದು ದಾರಿ ಬಿಡುವ ಕಷ್ಟ ಇರುವುದಿಲ್ಲ. ಕೂತೇ ಮೌನವಾಗಿ ಪ್ರಾರ್ಥಿಸಬಹುದು. ಕೆಲವು ಧರ್ಮಕೇಂದ್ರಗಳಲ್ಲಿ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟುಕೊಂಡು ಸಾಲಿನಲ್ಲಿ ಬಂದವರಿಗೆ ಪ್ರಸಾದದ ಬದಲು ಆಶೀರ್ವಾದ ಕೊಡುತ್ತಾರೆ. ನಿಮ್ಮ ಚರ್ಚಿನಲ್ಲಿ ಆ ರೂಢಿ ಇದೆಯೇ ಎಂದು ಪಾದ್ರಿಗಳನ್ನು ಮೊದಲೇ ಕೇಳಿ, ಇಲ್ಲದಿದ್ದರೆ ಸಾಲಿನಲ್ಲಿ ನಿಂತ ಮೇಲೆ ಇಬ್ಬರಿಗೂ ಗಲಿಬಿಲಿ. ಕ್ಯಾಥೋಲಿಕ್ ಸಂಗಾತಿ ಸಿಎಸ್‌ಐ ಚರ್ಚಿನಲ್ಲಿ ಕೂತಿದ್ದಾಗ ಅತ್ತೆ “ಬಾಮ್ಮ, ಕರೀತಿದ್ದಾರೆ” ಎಂದು ಪ್ರೀತಿಯಿಂದ ಕೈಹಿಡಿದು ಎಬ್ಬಿಸಬಹುದು. ಮನೆಯಿಂದ ಹೊರಡುವ ಮೊದಲೇ “ಅತ್ತೆ, ನಮ್ಮ ಸಭೆಯ ನಿಯಮ ಹೀಗಿದೆ, ನಾನು ಕೂತೇ ಪ್ರಾರ್ಥನೆ ಮಾಡ್ತೀನಿ, ತಪ್ಪು ತಿಳೀಬೇಡಿ” ಎಂದು ಹೇಳಿಟ್ಟರೆ ಆ ಕೈ ಅಲ್ಲಿ ಮುಂದೆ ಬರುವುದೇ ಇಲ್ಲ. ಈ ಮಾತನ್ನು ಮಗ ಹೇಳಿದರೆ ಇನ್ನೂ ಒಳ್ಳೆಯದು.

ಅತ್ತೆಯ ಮನಸ್ಸು ನೋಯಬಾರದೆಂದು ಎದ್ದು ಹೋಗಿ ಸ್ವೀಕರಿಸಿಬಿಡುವವರಿದ್ದಾರೆ, ಗಂಡನ ಮನೆಯವರು ಕೂತಿರುವುದನ್ನು ನೋಡಲಾಗದೆ “ಯಾರಿಗೆ ಗೊತ್ತಾಗುತ್ತೆ, ನೀವೂ ಬನ್ನಿ” ಎಂದು ಪೂಜೆಯ ಸಾಲಿಗೆ ಕರೆಯುವವರೂ ಇದ್ದಾರೆ. ಎರಡೂ ಬೇಡ. ಎರಡು ಸಭೆಗಳೂ ಅತಿ ಪವಿತ್ರವೆಂದು ನಂಬುವ ಕ್ಷಣವನ್ನು ಮನೆಯ ಶಾಂತಿಗಾಗಿ ಸಲಕರಣೆಯಂತೆ ಬಳಸಿದಂತಾಗುತ್ತದೆ. ಪ್ರಾಮಾಣಿಕವಾಗಿ ಕೂತಿರುವವರನ್ನು ಒಳ್ಳೆಯ ಪಾದ್ರಿಯೂ ಒಳ್ಳೆಯ ಸಭಾಪಾಲಕರೂ ಗೌರವದಿಂದಲೇ ಕಾಣುತ್ತಾರೆ.

ಸ್ವೀಕರಿಸಲಾಗದ್ದರ ಜೊತೆಗೆ ಹಂಚಿಕೊಳ್ಳಬಲ್ಲದ್ದೂ ಅಲ್ಲೇ ಇದೆ. ಪರಸ್ಪರ ಶಾಂತಿ ಕೋರುವ ಘಳಿಗೆ ಎರಡೂ ಆರಾಧನೆಗಳಲ್ಲಿ ಬರುತ್ತದೆ. ಪೂಜೆಯಲ್ಲಿ ಕೈಮುಗಿದು ತಲೆಬಾಗುತ್ತಾರೆ. ಸಿಎಸ್‌ಐ 1950ರಲ್ಲಿ ರೂಪಿಸಿಕೊಂಡ ಭೋಜನ ವಿಧಿಯಲ್ಲಿ ಸಿರಿಯನ್ ಕ್ರೈಸ್ತರಿಂದ ಪಡೆದ ರೀತಿಯಂತೆ ಕೈಯಿಂದ ಕೈಗೆ ಶಾಂತಿ ಹಾದುಹೋಗುತ್ತದೆ. ಅಲ್ಲಿ ಗಂಡ ಹೆಂಡತಿ ತಡೆಯಿಲ್ಲದೆ ಒಬ್ಬರಿಗೊಬ್ಬರು ಶಾಂತಿ ಕೋರಬಹುದು. ಕರ್ತನ ಪ್ರಾರ್ಥನೆಯನ್ನೂ ಒಟ್ಟಿಗೆ ಹೇಳಬಹುದು. ಪೂಜೆಯಲ್ಲಿ ಮಾತ್ರ ಅದು ಕೇಡಿನಿಂದ ಬಿಡಿಸೆಂಬ ಬೇಡಿಕೆಗೆ ನಿಲ್ಲುತ್ತದೆ. ನಡುವೆ ಗುರುಗಳ ಒಂದು ಪ್ರಾರ್ಥನೆ ಬಂದು, ಆಮೇಲೆಯೇ ಜನ ಸ್ತುತಿಯ ಕೊನೆಯ ಸಾಲು ಸೇರಿಸುತ್ತಾರೆ. ಪ್ರೊಟೆಸ್ಟೆಂಟರು ರೂಢಿಯಂತೆ ಒಂದೇ ಉಸಿರಿಗೆ ಮುಂದುವರಿದು, ಇಡೀ ಚರ್ಚಿನಲ್ಲಿ ತಮ್ಮೊಬ್ಬರದೇ ದನಿ ಕೇಳಿ ಸಂಕೋಚಪಡುತ್ತಾರೆ. ಇದನ್ನು ಮೊದಲೇ ಹೇಳಿಕೊಡಿ.

ಮಿಕ್ಕ ನಡವಳಿಕೆ ಕಷ್ಟದ್ದಲ್ಲ. ಪೂಜೆಯಲ್ಲಿ ಎಲ್ಲರೊಂದಿಗೆ ಏಳುವುದು, ಕೂರುವುದು ಸಾಕು. ಶಿಲುಬೆ ಗುರುತು, ತೀರ್ಥ, ಮೊಣಕಾಲೂರುವುದು ನಿಮ್ಮ ಇಷ್ಟ. ಸಿಎಸ್‌ಐ ಆರಾಧನೆಯಲ್ಲಿ ಗೀತೆಗಳು ಹೆಚ್ಚು, ಪ್ರಸಂಗ ಉದ್ದ. ಗೀತೆ ಪುಸ್ತಕ ಕೈಗೆ ಕೊಟ್ಟರೆ ಹಾಡಿ. ಹಲವು ಚರ್ಚುಗಳಲ್ಲಿ ಹೆಂಗಸರು ತಲೆಗೆ ಸೆರಗು ಹೊದೆಯುತ್ತಾರೆ, ಕೆಲವೆಡೆ ಚಪ್ಪಲಿ ಹೊರಗೆ ಬಿಡುತ್ತಾರೆ. ಮುಂದಿನವರನ್ನು ನೋಡಿ ಮಾಡಿ.

ಭಾನುವಾರಗಳು, ಹಬ್ಬಗಳು

ಯಾವ ಚರ್ಚು ಎಂಬ ಪ್ರಶ್ನೆಗೆ ಒಂದು ವಾರ ನಿಮ್ಮದು, ಒಂದು ವಾರ ನಮ್ಮದು ಎಂಬ ಲೆಕ್ಕ ಮೊದಲು ಹೊಳೆಯುತ್ತದೆ. ಇದು ಕ್ಯಾಥೋಲಿಕ್ ಸಂಗಾತಿಗೆ ಹೊಂದುವುದಿಲ್ಲ, ಪ್ರತಿ ಭಾನುವಾರದ ಪೂಜೆ ಅವರಿಗೆ ಕರ್ತವ್ಯ. ಆದರೆ ಶನಿವಾರ ಸಂಜೆಯ ಪೂಜೆಗೆ ಹೋದರೂ ಆ ಕರ್ತವ್ಯ ಪೂರೈಸುತ್ತದೆ. ಶನಿವಾರ ಸಂಜೆ ಪೂಜೆ, ಭಾನುವಾರ ಬೆಳಿಗ್ಗೆ ಇಬ್ಬರೂ ಆರಾಧನೆಗೆ. ಇನ್ನೊಮ್ಮೆ ಇಬ್ಬರೂ ಪೂಜೆಗೆ. ನಗರಗಳಲ್ಲಿ ಶನಿವಾರ ಸಂಜೆ ಪೂಜೆ ಇರುವ ಚರ್ಚು ಹುಡುಕುವುದು ಕಷ್ಟವಲ್ಲ. ಎಲ್ಲ ವಾರವೂ ಒಟ್ಟಿಗೇ ಹೋಗಬೇಕೆಂಬ ಹಟವೂ ಬೇಡ. ತಿಂಗಳಲ್ಲಿ ಒಂದೆರಡು ಭಾನುವಾರ ಬೇರೆ ಬೇರೆ ಹೋಗಿ, ಮಧ್ಯಾಹ್ನದ ಊಟಕ್ಕೆ ಕೂಡಿದರೂ ಮನೆ ಮುರಿಯುವುದಿಲ್ಲ.

ದೊಡ್ಡ ಹಬ್ಬಗಳು ದಂಪತಿಗೆ ತುಂಬಾ ಅನುಕೂಲವಾಗಿಯೇ ಇವೆ. ಕ್ಯಾಥೋಲಿಕರ ಕ್ರಿಸ್ಮಸ್ ಪೂಜೆ 24ರ ರಾತ್ರಿ, ಸಿಎಸ್‌ಐ ಆರಾಧನೆ 25ರ ಬೆಳಿಗ್ಗೆ. ಪುನರುತ್ಥಾನದ ಹಬ್ಬದಲ್ಲೂ ಹಾಗೇ: ಶನಿವಾರ ರಾತ್ರಿ ದೀಪ ಹಚ್ಚಿ ನಡೆಯುವ ಜಾಗರಣೆ ಕ್ಯಾಥೋಲಿಕರದು, ಭಾನುವಾರ ನಸುಕಿನ ಆರಾಧನೆ ಬಹಳಷ್ಟು ಪ್ರೊಟೆಸ್ಟೆಂಟ್ ಸಭೆಗಳದು. ಶುಭ ಶುಕ್ರವಾರ ಸಿಎಸ್‌ಐ ಚರ್ಚುಗಳಲ್ಲಿ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಕ್ಯಾಥೋಲಿಕರ ವಿಧಿ ಸಾಮಾನ್ಯವಾಗಿ ಮೂರು ಗಂಟೆಗೋ ಆಮೇಲೋ. ಆ ದಿನ ಕ್ಯಾಥೋಲಿಕರಿಗೆ ಪೂಜೆಯೇ ಇಲ್ಲ. ದಣಿವಾಗುತ್ತದೆ ನಿಜ, ಆದರೆ ಎರಡನ್ನೂ ಕಂಡವರಿಗೆ ಹಬ್ಬ ತುಂಬಿಕೊಳ್ಳುತ್ತದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆ ಸಿಎಸ್‌ಐ ಮನೆಗಳಿಗೆ ಬಹಳ ಮುಖ್ಯ. ಕ್ಯಾಥೋಲಿಕ್ ಸೊಸೆಯೋ ಅಳಿಯನೋ ಅದಕ್ಕೆ ತಪ್ಪದೆ ಹೋದರೆ ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ ಪ್ರೊಟೆಸ್ಟೆಂಟ್ ಸಂಗಾತಿಯನ್ನು ಗೊಂದಲಕ್ಕೆ ಕೆಡವುತ್ತದೆ, ಏಕೆಂದರೆ ಅದು ಮರಿಯಮ್ಮನವರ ಜನ್ಮದಿನ. ಆದರೆ ಕರಾವಳಿಯ ಮನೆಗಳಲ್ಲಿ ಅದು ಹೊಸ ತೆನೆಯ ಹಬ್ಬವೂ ಹೌದು. ತೆನೆ ಆಶೀರ್ವದಿಸಿ ತಂದು, ಹೊಸ ಅಕ್ಕಿ ಸೇರಿಸಿ, ಮೀನು ಮಾಂಸವಿಲ್ಲದ ಊಟವನ್ನು ಎಲ್ಲರೂ ಕೂಡಿ ಉಣ್ಣುತ್ತಾರೆ. ಸಿಎಸ್‌ಐ ಸಭೆಗಳಲ್ಲೂ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳುವ ಸುಗ್ಗಿ ಹಬ್ಬವಿದೆ, ಜನ ತಂದ ಹಣ್ಣು ತರಕಾರಿಗಳ ಹರಾಜಿದೆ. ಮರಿಯಮ್ಮನಿಗೆ ಹೂವು ಅರ್ಪಿಸಲು ಮನಸ್ಸಿಲ್ಲದವರು ಊಟದ ಎಲೆಯ ಮುಂದೆ ಧಾರಾಳವಾಗಿ ಕೂರಬಹುದು.

ತಪಸ್ಸು ಕಾಲದ ಅಡಿಗೆಮನೆಯನ್ನೂ ಮಾತಾಡಿಕೊಳ್ಳಿ. 14 ತುಂಬಿದ ಕ್ಯಾಥೋಲಿಕರು ಆ ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುತ್ತಾರೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59ರವರೆಗಿನವರಿಗೆ ಉಪವಾಸವೂ ಇದೆ. ಅಂದು ಇಡೀ ಮನೆಗೆ ಒಂದೇ ಅಡಿಗೆ ಮಾಡುವುದು ಸುಲಭ.

ಜಪಸರ ಮತ್ತು ಗೋಡೆಯ ಚಿತ್ರಗಳು

ಸಂಜೆಯ ತೇರ್ಸ್ ಮಂಗಳೂರಿನ ಕ್ಯಾಥೋಲಿಕ್ ಮನೆಗಳ ಉಸಿರು. ಅದು ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಬೇಡುತ್ತಾರೆ. ಸಂತರ ಬಳಿ, ಮರಿಯಮ್ಮನ ಬಳಿ ಬೇಡಿಕೊಳ್ಳುವ ರೂಢಿ ಇಲ್ಲದ ಪ್ರೊಟೆಸ್ಟೆಂಟರಿಗೆ ಅಲ್ಲಿ ಕೂರುವುದೇ ತಪ್ಪೇನೋ ಎಂಬ ಅಳುಕು. ಜಪಸರದಲ್ಲಿ ಏನಿದೆ ಎಂದು ಬಿಡಿಸಿ ನೋಡಿದರೆ ಅಳುಕು ಬಹುಪಾಲು ಕರಗುತ್ತದೆ. ಕರ್ತನ ಪ್ರಾರ್ಥನೆ ಇಬ್ಬರದೂ. ತ್ರಿಯೇಕ ದೇವರ ಸ್ತುತಿ ಇಬ್ಬರದೂ. ಮರಿಯಮ್ಮನ ಪ್ರಾರ್ಥನೆಯ ಮೊದಲರ್ಧ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಿಂದಲೇ ಬಂದದ್ದು: ದೇವದೂತನ ವಂದನೆ, ಎಲಿಜಬೇತಳ ಮಾತು. ಎರಡನೆಯ ಅರ್ಧ ಮಾತ್ರ ಮರಿಯಮ್ಮನ ಬಳಿ ಮಾಡುವ ಬೇಡಿಕೆ. ಅಲ್ಲಿ ಮೌನವಾಗಿರಿ, ಮಿಕ್ಕದ್ದನ್ನು ದನಿಗೂಡಿಸಿ. ಕೊನೆಗೆ ಹಿರಿಯರ ಬಳಿ ಆಶೀರ್ವಾದ ಕೇಳುವುದನ್ನು ಮಾತ್ರ ಬಿಡಬೇಡಿ. ಅದಕ್ಕೆ ಯಾವ ಪಂಗಡದ ಅಡ್ಡಿಯೂ ಇಲ್ಲ.

ಸಿಎಸ್‌ಐ ಮನೆಯ ಸಂಜೆಗೆ ಇನ್ನೊಂದು ರೂಪ: ಒಂದು ಗೀತೆ, ಬೈಬಲ್ ಓದು, ಮನೆಯ ಹಿರಿಯರ ಬಾಯಿಂದ ಆ ದಿನದ ಕಷ್ಟಸುಖಗಳನ್ನು ಹೇಳಿಕೊಳ್ಳುವ ಪ್ರಾರ್ಥನೆ. ಪುಸ್ತಕವಿಲ್ಲದೆ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಹೇಳಿದಾಗ ಕ್ಯಾಥೋಲಿಕ್ ಸೊಸೆಗೆ ಬಾಯಿ ಕಟ್ಟುತ್ತದೆ. ಎರಡೇ ವಾಕ್ಯ ಸಾಕು. ದಂಪತಿ ಬೇರೆ ಮನೆ ಮಾಡಿದಾಗ ಎರಡನ್ನೂ ಉಳಿಸಿಕೊಳ್ಳಬಹುದು. ಓದುವ ಬೈಬಲ್ ಯಾವುದು ಎಂದೂ ಕೇಳಿಕೊಳ್ಳಿ: ಕ್ಯಾಥೋಲಿಕರದ್ದರಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟರದ್ದರಲ್ಲಿ 66. ಸಮಾನವಾದ 66ರಿಂದಲೇ ದಿನದ ಭಾಗ ಆರಿಸಿದರೆ ಇಬ್ಬರೂ ತಮ್ಮ ತಮ್ಮ ಪುಸ್ತಕ ಹಿಡಿದೇ ಕೂರಬಹುದು.

ಪವಿತ್ರ ಹೃದಯದ ಚಿತ್ರ, ಮರಿಯಮ್ಮನ ಪ್ರತಿಮೆ ಎಲ್ಲಿರಬೇಕು ಎಂಬುದು ಗಂಡ ಹೆಂಡತಿ ತೀರ್ಮಾನಿಸಬೇಕಾದ ಮಾತು. ಇಬ್ಬರಿಗೂ ಒಪ್ಪಿಗೆಯಾದ ಶಿಲುಬೆ ಮತ್ತು ಬೈಬಲ್ ನಡುಮನೆಯಲ್ಲಿರಲಿ, ಪ್ರತಿಮೆಗಳು ಪೀಠಕ್ಕೆಂದೇ ಮಾಡಿದ ಒಂದು ಮೂಲೆಯಲ್ಲಿರಲಿ ಎನ್ನುವುದು ಹಲವು ಮನೆಗಳಲ್ಲಿ ಚೆನ್ನಾಗಿ ನಡೆದ ಏರ್ಪಾಡು. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ಅವನ್ನು ತೆಗೆದಿಡುವುದು ಮಾತ್ರ ಎಂದೂ ಆಗಬಾರದು.

ಮಕ್ಕಳ ದೀಕ್ಷಾಸ್ನಾನ

ಈ ಮಾತನ್ನು ಮಗು ಹುಟ್ಟಿದ ಮೇಲೆ ಆಡಲು ಹೋದರೆ ತಡವಾಯಿತು. ಎರಡು ಕಡೆಯ ಅಜ್ಜ ಅಜ್ಜಿಯರೂ ಆಸ್ಪತ್ರೆಗೇ ಬಂದು ದಿನ ಕೇಳುತ್ತಾರೆ. ನೀರಿನಿಂದ, ಪಿತ, ಪುತ್ರ, ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟ ದೀಕ್ಷಾಸ್ನಾನ ಎಲ್ಲೇ ಆದರೂ ಒಂದೇ ಸಲ. ಸಿಎಸ್‌ಐಯಲ್ಲಿ ಆದದ್ದನ್ನು ಕ್ಯಾಥೋಲಿಕ್ ಸಭೆ ಮಾನ್ಯ ಮಾಡುತ್ತದೆ, ಮತ್ತೆ ಕೊಡುವುದಿಲ್ಲ. ಅಜ್ಜಿಯನ್ನು ಸಮಾಧಾನಪಡಿಸಲು ಎರಡನೆಯ ಸಲ ಮಾಡಿಸುವ ಯೋಚನೆಯನ್ನು ಎರಡೂ ಸಭೆಗಳು ಒಪ್ಪುವುದಿಲ್ಲ.

ಕ್ಯಾಥೋಲಿಕ್ ಚರ್ಚಿನಲ್ಲಿ ಆದರೆ ಜ್ಞಾನತಂದೆಯೋ ಜ್ಞಾನತಾಯಿಯೋ ಒಬ್ಬರು ಕ್ಯಾಥೋಲಿಕರಾಗಿರಬೇಕು. ಅವರ ಜೊತೆಗೆ ಸಿಎಸ್‌ಐ ಸಭೆಯ ಅತ್ತೆ, ಚಿಕ್ಕಪ್ಪ ಸಾಕ್ಷಿಯಾಗಿ ನಿಲ್ಲಬಹುದು. ಇದನ್ನು ಬಹಳ ಜನ ಕೇಳಿಯೇ ಇಲ್ಲ. ಕೇಳಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತಿತ್ತು. ಆಮೇಲೆ ದಾರಿಗಳು ಬೇರೆಯಾಗುತ್ತವೆ. ಕ್ಯಾಥೋಲಿಕ್ ಮಗು ಚಿಕ್ಕ ವಯಸ್ಸಿನಲ್ಲೇ ಪಾಪನಿವೇದನೆ ಮಾಡಿ ಮೊದಲ ಪರಮ ಪ್ರಸಾದ ಪಡೆಯುತ್ತದೆ; ಸಿಎಸ್‌ಐಯಲ್ಲಿ ಸಾಮಾನ್ಯವಾಗಿ ಹದಿಹರೆಯದಲ್ಲಿ ದೃಢೀಕರಣವಾದ ಮೇಲೆಯೇ ಭೋಜನ. ಯಾವ ದಾರಿಯಲ್ಲಿ ಬೆಳೆಸಿದರೂ ಮಗು ಇನ್ನೊಂದು ಚರ್ಚನ್ನೂ ಪರಿಚಿತ ಜಾಗವಾಗಿ ಕಾಣುವಂತೆ ಮಾಡಿ. ಹತ್ತು ಆಜ್ಞೆಗಳ ಲೆಕ್ಕವೂ ಮಗುವಿಗೆ ಗೊಂದಲ ತರುತ್ತದೆ: ಪ್ರತಿಮೆಯ ಮಾತನ್ನು ಕ್ಯಾಥೋಲಿಕರು ಮೊದಲ ಆಜ್ಞೆಯಲ್ಲೇ ಸೇರಿಸುವುದರಿಂದ ಅವರಲ್ಲಿ ಐದನೆಯದಾದ ಕೊಲೆಯ ನಿಷೇಧ ಹೆಚ್ಚಿನ ಪ್ರೊಟೆಸ್ಟೆಂಟರಲ್ಲಿ ಆರನೆಯದು. ಎರಡರಲ್ಲೂ ಆಜ್ಞೆಗಳು ಅವೇ ಎಂದು ವಿವರಿಸಿದರೆ ಮಕ್ಕಳು ಸುಲಭವಾಗಿ ಹಿಡಿಯುತ್ತಾರೆ.

ಪೆಂಟೆಕೋಸ್ತ್ ಮನೆಗೆ ಮದುವೆಯಾದವರಿಗೆ ಕಷ್ಟ ಹೆಚ್ಚು, ಅದನ್ನು ಮರೆಮಾಚಲಾರೆ. ಆ ಸಭೆಗಳು ಶಿಶು ದೀಕ್ಷಾಸ್ನಾನವನ್ನು ಒಪ್ಪುವುದಿಲ್ಲ. ತಿಳಿವಳಿಕೆ ಬಂದ ಮೇಲೆ ನೀರಿನಲ್ಲಿ ಮುಳುಗಿಸಿ ಕೊಟ್ಟದ್ದನ್ನೇ ಎಣಿಸುತ್ತವೆ. ಕೆಲವು ಸಭೆಗಳು ಒಡವೆಯನ್ನೂ ಬಿಡಿಸುತ್ತವೆ. ಕ್ಯಾಥೋಲಿಕರು ಅಥವಾ ಸಿಎಸ್‌ಐಯವರು ಮದುವೆಯ ಷರತ್ತಾಗಿ, ಇಲ್ಲವೇ ತಮ್ಮ ಮನೆಯವರಿಗೆ ತಿಳಿಸದೆ ಮತ್ತೆ ಸ್ನಾನ ಪಡೆಯುವುದು ಬೇಡವೇ ಬೇಡ. ಮನಸ್ಸಿನಿಂದ ಒಪ್ಪಿ ಆ ಸಭೆಗೆ ಹೋಗುವುದಾದರೆ ಅದು ಬೇರೆ ಮಾತು, ಅದಕ್ಕೆ ಸಮಯ ತೆಗೆದುಕೊಳ್ಳಿ.

ಸಂಗಾತಿ ಹಿಂದೂ ಆಗಿದ್ದರೆ

ಮೊದಲು ಕಾನೂನು. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಸಿಂಧುವಾಗಲು ಇಬ್ಬರೂ ಹಿಂದೂಗಳಾಗಿರಬೇಕು. ಹಿಂದೂ ಮತ್ತು ಮತಾಂತರವಾಗದ ಕ್ರೈಸ್ತರ ನಡುವೆ ಆ ಕಾಯ್ದೆಯಡಿ ಆದ ಮದುವೆ ಅಸಿಂಧು ಎಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟಿದೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ ಅಷ್ಟಕ್ಕೇ ಬಿಟ್ಟರೆ ಮುಂದೆ ಹೆಣ್ಣಿನ ಹಕ್ಕುಗಳಿಗೇ ಕುತ್ತು. ಯಾರೂ ಮತ ಬದಲಿಸದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ: 30 ದಿನಗಳ ನೋಟಿಸು, ಮೂವರು ಸಾಕ್ಷಿಗಳು. ಅವಿಭಕ್ತ ಹಿಂದೂ ಕುಟುಂಬದವರು ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಬೇರ್ಪಟ್ಟಂತೆ ಆಗುತ್ತದೆ, ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಆಸ್ತಿ ಇರುವವರು ವಕೀಲರನ್ನು ಮೊದಲೇ ಕಾಣಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ, ಒಬ್ಬರು ಮಾತ್ರ ಕ್ರೈಸ್ತರಾಗಿದ್ದರೂ ಚರ್ಚಿನಲ್ಲಿ ಮದುವೆ ಸಾಧ್ಯ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಮದುವೆಯಾದ ಕ್ಯಾಥೋಲಿಕರು ಸಭೆಯ ದೃಷ್ಟಿಯಲ್ಲಿ ಮದುವೆಯಾದಂತಲ್ಲ, ಪರಮ ಪ್ರಸಾದವೂ ಸಿಗುವುದಿಲ್ಲ. ಆಮೇಲೂ ಅದನ್ನು ಸರಿಪಡಿಸಿಕೊಳ್ಳುವ ದಾರಿ ಇದೆ; ಪಾದ್ರಿಗಳ ಬಳಿ ಹೋಗಲು ನಾಚಬೇಡಿ.

ಚರ್ಚಿನೊಳಗೆ ಹಿಂದೂ ಬಂಧುಗಳಿಗೆ ಒಂದೇ ಮಾತು ಮುಖ್ಯವಾಗಿ ತಿಳಿಸಬೇಕು: ದೇವಸ್ಥಾನದ ಪ್ರಸಾದದಂತೆ ಅಲ್ಲಿಯದು ಬಂದವರಿಗೆಲ್ಲ ಹಂಚುವುದಲ್ಲ, ಸಾಲಿನಲ್ಲಿ ಹೋಗಬಾರದು. ನೆಂಟರಿಗೆ ಅವಮಾನವಾಗದಂತೆ ಪೂಜೆ ಶುರುವಾಗುವ ಮೊದಲು ಮನೆಯವರೇ ಹೇಳಲಿ. ತಾಳಿಯನ್ನು ಚರ್ಚಿನಲ್ಲೇ ಆಶೀರ್ವದಿಸಿ ಕಟ್ಟಿಸುವ ಪದ್ಧತಿ ನಮ್ಮ ಕ್ಯಾಥೋಲಿಕರಲ್ಲಿ ಇದೆ. ಹಿಂದೂ ಅತ್ತೆ ಮಾವಂದಿರಿಗೆ ಅದು ದೊಡ್ಡ ಸಮಾಧಾನ. ಗಂಡನ ಮನೆಯ ಗೌರಿ ಹಬ್ಬದಲ್ಲಿ, ದೀಪಾವಳಿಯಲ್ಲಿ ಕ್ರೈಸ್ತ ಸೊಸೆ ರಂಗೋಲಿ ಹಾಕಲಿ, ಅಡಿಗೆಗೆ ನಿಲ್ಲಲಿ, ದೀಪ ಹಚ್ಚಲಿ. ಮಂಗಳಾರತಿ, ನೈವೇದ್ಯಗಳ ವಿಚಾರದಲ್ಲಿ ತನ್ನ ಮನಸ್ಸಾಕ್ಷಿ ಎಲ್ಲಿ ನಿಲ್ಲುತ್ತದೆ ಎಂದು ಗಂಡನಿಗೆ ಸ್ಪಷ್ಟವಾಗಿ ಹೇಳಿರಲಿ. ಹಿಂದೂ ಅಳಿಯನಿಗೂ ತೇರ್ಸ್‌ನಲ್ಲಿ ಅದೇ ಸ್ವಾತಂತ್ರ್ಯ ಇರಬೇಕು.

ಕೊನೆಯದಾಗಿ ಮಣ್ಣಿನ ಮಾತು

ಯಾರೂ ಆಡಲು ಇಷ್ಟಪಡದ, ಆದರೆ ಆಡಲೇಬೇಕಾದ ವಿಷಯ. ಗಂಡ ಒಂದು ಸಭೆ, ಹೆಂಡತಿ ಒಂದು ಸಭೆಯಾದರೆ ಮಣ್ಣು ಯಾವ ಶ್ಮಶಾನದಲ್ಲಿ? ಇಬ್ಬರಿಗೂ ಒಂದೇ ಕಡೆ ಜಾಗ ಸಿಗುತ್ತದೆಯೇ? ಇದು ಊರಿಂದ ಊರಿಗೆ, ಚರ್ಚಿನಿಂದ ಚರ್ಚಿಗೆ ಬದಲಾಗುತ್ತದೆ, ಕೇಳಿಯೇ ತಿಳಿಯಬೇಕು. ಕ್ಯಾಥೋಲಿಕರಲ್ಲದ ಕ್ರೈಸ್ತರಿಗೂ, ತಮ್ಮ ಪಾಲಕರು ಸಿಗದಿದ್ದಾಗ, ಅವರ ಇಚ್ಛೆಗೆ ವಿರುದ್ಧವಲ್ಲದಿದ್ದರೆ, ಬಿಷಪರ ಒಪ್ಪಿಗೆಯಿಂದ ಕ್ಯಾಥೋಲಿಕ್ ಅಂತ್ಯವಿಧಿ ಸಾಧ್ಯ. ದಹನವನ್ನು ಕ್ಯಾಥೋಲಿಕ್ ಸಭೆ 1963ರಿಂದ ಒಪ್ಪಿದೆ, ಆದರೆ ಚಿತಾಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಸ್ಪಷ್ಟಪಡಿಸಿದೆ. ಹಿಂದೂ ಸಂಗಾತಿಯ ಮನೆಯವರು ಅಸ್ಥಿ ವಿಸರ್ಜನೆಯ ಯೋಚನೆಯಲ್ಲಿದ್ದರೆ ಈ ವ್ಯತ್ಯಾಸ ಅವರಿಗೆ ಗೊತ್ತಿರಬೇಕು.

ಇವನ್ನೆಲ್ಲ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ದೊಡ್ಡ ಮಗನಿಗೋ ಮಗಳಿಗೋ, ಇನ್ನೊಂದನ್ನು ನಂಬಿಕೆಯ ಹಿರಿಯರೊಬ್ಬರಿಗೆ ಕೊಟ್ಟಿಡಿ. ಸಾವಿನ ಮನೆಯಲ್ಲಿ ಎರಡು ಕಡೆಯ ಬಂಧುಗಳ ನಡುವೆ ನಿಂತು ತೀರ್ಮಾನ ಮಾಡುವ ಭಾರವನ್ನು ಮಕ್ಕಳ ಮೇಲೆ ಹಾಕಬೇಡಿ.